ಅಕ್ಷರ ಹಿಡಿದು ಪದ ಹುಡುಕುವ ವಿದ್ಯೆ



ಜಮಖಂಡಿ ತಾಲ್ಲೂಕಿನಲ್ಲಿ ಕೃಷ್ಣಾ ತೀರದ ಊರು ತುಬಚಿ. ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯಿಂದಾಗಿ ಈ ಹೆಸರನ್ನು ನಾಡಿನ ಬೇರೆ ಕಡೆಯವರೂ ಕೇಳಿದ್ದಾರೆ. ಇವತ್ತು ಆ ಊರಿನ ಹೆಸರನ್ನೇ ಇಟ್ಟುಕೊಂಡು ಒಂದು ಹುಡುಕಾಟ ನಡೆಸೋಣ. ರೇಡಿಯೋ ಹತ್ತಿರ ಮಕ್ಕಳಿದ್ದರೆ ಪಾಟಿಯನ್ನೋ ನೋಟುಬುಕ್ಕನ್ನೋ ತೆಗೆದುಕೊಂಡು ಕೂರಲಿ.

ತುಬಚಿ ಎಂದು ಕನ್ನಡದಲ್ಲಿ ಬರೆಯಲು ಮೂರು ಅಕ್ಷರ ಸಾಕು. ಇಂಗ್ಲಿಷಿನಲ್ಲಿ ಏಳು ಬೇಕು: ಟಿ, ಯು, ಬಿ, ಎ, ಸಿ, ಎಚ್, ಐ. ಒಂದೊಂದು ಅಕ್ಷರವನ್ನು ಒಂದೇ ಸಲ ಬಳಸಬೇಕು ಎಂಬ ಕಟ್ಟಳೆ ಇಟ್ಟುಕೊಂಡರೆ ಇವುಗಳಿಂದ ಎಷ್ಟು ಇಂಗ್ಲಿಷ್ ಪದ ಕಟ್ಟಬಹುದು? ಏಳನ್ನೂ ಸಾಲಾಗಿ ಜೋಡಿಸುವ ಬಗೆಗಳೇ 5,040. ಮೂರು ಮೂರನ್ನು ಆರಿಸಿ ಜೋಡಿಸಿದರೂ 210 ಬಗೆ. ಅಷ್ಟನ್ನೂ ಬರೆದು ನೋಡುತ್ತ ಕೂತರೆ ಯಾವ ಮಗುವಿಗಾದರೂ ಬೇಸರ ಬಂದೀತು. ಆದ್ದರಿಂದ ಒಂದು ದಾರಿ ಹಿಡಿದು ಹುಡುಕಬೇಕು.

ಮೊದಲು ಸ್ವರಗಳನ್ನು ಬೇರೆ ಮಾಡಿ. ಇಲ್ಲಿ ಯು, ಎ, ಐ ಎಂಬ ಮೂರು ಸ್ವರಗಳಿವೆ. ಉಳಿದ ನಾಲ್ಕು ವ್ಯಂಜನ. ನಡುವೆ ಎ ಇಟ್ಟು ಎರಡೂ ಬದಿಯ ವ್ಯಂಜನಗಳನ್ನು ಬದಲಿಸುತ್ತ ಹೋದರೆ ಬ್ಯಾಟ್, ಕ್ಯಾಟ್, ಹ್ಯಾಟ್, ಟ್ಯಾಬ್, ಕ್ಯಾಬ್ ಸಿಗುತ್ತವೆ. ನಡುವೆ ಯು ಇಟ್ಟರೆ ಬಟ್, ಕಟ್, ಹಟ್, ಟಬ್, ಕಬ್. ಐ ಇಟ್ಟರೆ ಬಿಟ್, ಹಿಟ್. ಇಷ್ಟರಲ್ಲೇ ಹನ್ನೆರಡು ಪದಗಳಾದವು.

ಎರಡನೆಯ ಹೆಜ್ಜೆಯಲ್ಲಿ, ಜೋಡಿಯಾಗಿ ಓಡಾಡುವ ಅಕ್ಷರಗಳನ್ನು ಹುಡುಕಿ. ಸಿ ಮತ್ತು ಎಚ್ ಒಂದು ಜೋಡಿ. ಚ್ಯಾಟ್ ಅದರಿಂದ ಬರುತ್ತದೆ. ಟಿ ಮತ್ತು ಎಚ್ ಇನ್ನೊಂದು ಜೋಡಿ. ಅದು ಬಾತ್ ಎಂಬ ಪದದ ಕೊನೆಯಲ್ಲಿದೆ. ಟಿ, ಸಿ, ಎಚ್ ಮೂರೂ ಸೇರಿ ಒಂದೇ ಚ್ ಆಗುವುದೂ ಉಂಟು; ಇಚ್, ಬ್ಯಾಚ್ ಎಂಬ ಪದಗಳು ಹಾಗೆ ಹುಟ್ಟುತ್ತವೆ. ಮೂರನೆಯದಾಗಿ, ಎರಡು ಸ್ವರಗಳನ್ನು ಒತ್ತೊತ್ತಿಗೆ ಇಟ್ಟು ನೋಡಿ. ಎ ಮತ್ತು ಐ ಸೇರಿದರೆ ಬೇಟ್, ಅಂದರೆ ಮೀನಿನ ಗಾಳಕ್ಕೆ ಸಿಕ್ಕಿಸುವ ಎರೆ. ಇನ್ನೂ ಹುಡುಕುವ ಮಗು ಹ್ಯಾಬಿಟ್ ಎಂಬ ಪದಕ್ಕೆ ಬಂದು ನಿಲ್ಲುತ್ತದೆ. "ಟೀಚರ್ರೀ, ಇದರಾಗ ಹ್ಯಾಬಿಟ್ ಐತ್ರಿ!" ಎಂದು ಒಂದು ಮಗು ಕೂಗಿದರೆ ಇಡೀ ತರಗತಿಯೇ ಎದ್ದು ಕೂರುತ್ತದೆ. ಕ್ಯೂಬಿಟ್ ಎಂಬ ಪದವೂ ಈ ಏಳಕ್ಷರದಲ್ಲಿದೆ. ಹೂವಿನ ಮಾಲೆಯನ್ನು ಅಳೆದು ಕೊಡುವ ನಮ್ಮ ಮೊಳದಂತೆ ಅದೂ ಮೊಣಕೈಯಿಂದ ಬೆರಳ ತುದಿಯವರೆಗಿನ ಅಳತೆ.

ಇದನ್ನು ಕೇಳಿ, ಇದು ಹೊತ್ತು ಕಳೆಯುವ ಆಟವಲ್ಲವೇ ಎಂದು ನೀವು ಕೇಳಬಹುದು. ಆಟ ಹೌದು. ಆದರೆ ಕನ್ನಡ ಸಾಲಿಯಲ್ಲಿ ಓದುವ ಮಗುವಿಗೆ ಇಂಗ್ಲಿಷ್ ಯಾಕೆ ಕಷ್ಟವಾಗುತ್ತದೆ ಎಂಬುದನ್ನು ನೋಡಿದರೆ ಈ ಆಟದ ಬೆಲೆ ಗೊತ್ತಾಗುತ್ತದೆ.

ಕನ್ನಡದಲ್ಲಿ ಕಿವಿಗೆ ಕೇಳಿದ್ದನ್ನೇ ಕೈ ಬರೆಯುತ್ತದೆ. ಒಂದು ಅಕ್ಷರದೊಳಗೇ ವ್ಯಂಜನ, ಸ್ವರ ಎರಡೂ ಕೂಡಿರುತ್ತವೆ. ಸ್ತ್ರೀ ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನ, ಒಂದು ದೀರ್ಘ ಸ್ವರ ಅಡಗಿವೆ. ನಮ್ಮ ವರ್ಣಮಾಲೆಯ ಸಾಲಿಗೂ ಒಂದು ಕಾರಣವಿದೆ. ಕ ವರ್ಗ ಗಂಟಲಲ್ಲಿ ಹುಟ್ಟುತ್ತದೆ, ಪ ವರ್ಗ ತುಟಿಯಲ್ಲಿ ಮುಗಿಯುತ್ತದೆ. ಇಂಗ್ಲಿಷಿನ 26 ಅಕ್ಷರಗಳ ಸಾಲಿನಲ್ಲಿ ಇಂಥ ಕ್ರಮವಿಲ್ಲ. ಅಲ್ಲಿ ಒಂದೇ ಅಕ್ಷರ ಹಲವು ದನಿ ಕೊಡುತ್ತದೆ, ಒಂದೇ ದನಿಯನ್ನು ಹಲವು ಅಕ್ಷರಗಳು ಬರೆಯುತ್ತವೆ. ಚಾಕುವಿಗೆ ನೈಫ್ ಎಂಬ ಮಾತು ಕೇಳಿದ ಮಗು ಡಿಕ್ಷನರಿಯಲ್ಲಿ ಎನ್ ಪುಟ ತೆಗೆಯುತ್ತದೆ. ಆ ಪದ ಇರುವುದು ಕೆ ಪುಟದಲ್ಲಿ. ಸಿಗಲಿಲ್ಲವೆಂದು ಮಗು ಡಿಕ್ಷನರಿಯನ್ನು ಮುಚ್ಚಿಡುತ್ತದೆ, ತನಗೆ ಇಂಗ್ಲಿಷ್ ಬರುವುದಿಲ್ಲ ಎಂದು ತೀರ್ಮಾನಿಸುತ್ತದೆ. ಇದು ಮಗುವಿನ ಕೊರತೆಯಲ್ಲ. ಮಗು ಕಿವಿಯನ್ನು ನಂಬಿ ಓದುವ ಭಾಷೆಯಿಂದ ಬಂದಿದೆ. ಇಂಗ್ಲಿಷಿನಲ್ಲಿ ಕಣ್ಣನ್ನೂ ನಂಬಬೇಕಾಗಿದೆ. ಅಕ್ಷರ ಹಿಡಿದು ಪದ ಹುಡುಕುವ ಆಟ ಆ ಕಣ್ಣನ್ನು ಬೆಳೆಸುತ್ತದೆ.

2007ರಿಂದ ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. ಶಾಲೆಯ ಹೊರಗೂ ಆ ಅಕ್ಷರಗಳು ಮಕ್ಕಳ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಗೊಬ್ಬರದ ಚೀಲ, ಬೀಜದ ಪಾಕೀಟು, ಔಷಧದ ಡಬ್ಬಿ, ಗುಳಿಗೆಯ ಹಾಳೆ, ಎಲ್ಲದರ ಮೇಲೂ ಇಂಗ್ಲಿಷ್ ಇದೆ. ಎಷ್ಟೋ ಮನೆಗಳಲ್ಲಿ ಅದನ್ನು ಓದಿ ಹೇಳುವವರು ಮಕ್ಕಳೇ.

ಕಬ್ಬಿಗೆ ಹಾಕುವ ಪೊಟ್ಯಾಶ್ ಗೊಬ್ಬರದ ಚೀಲವನ್ನೇ ನೋಡಿ. ಪಿ, ಓ, ಟಿ, ಎ, ಎಸ್, ಎಚ್ ಎಂದು ಆರು ಅಕ್ಷರ. ಇದರೊಳಗೆ ಹಾಟ್ ಇದೆ, ಶಾಪ್ ಇದೆ, ಪಾತ್ ಇದೆ, ಸೋಪ್ ಇದೆ. ಎ ಮತ್ತು ಎಚ್ ಬಿಟ್ಟು ಉಳಿದ ನಾಲ್ಕನ್ನೇ ಇಟ್ಟುಕೊಂಡರೆ ಸ್ಟಾಪ್, ಪೋಸ್ಟ್, ಸ್ಪಾಟ್, ಪಾಟ್ಸ್, ಟಾಪ್ಸ್, ಆಪ್ಟ್ಸ್ ಎಂಬ ಆರು ಪದಗಳು ಅವೇ ನಾಲ್ಕು ಅಕ್ಷರಗಳಿಂದ ಆಗುತ್ತವೆ. ನಾಲ್ಕು ಅಕ್ಷರಗಳನ್ನು 24 ಬಗೆಯಲ್ಲಿ ಜೋಡಿಸಬಹುದು. ಅವುಗಳಲ್ಲಿ ಆರು ಪದವಾಗುವುದು ಅಪರೂಪ. ಬಸ್ ನಿಲ್ಲುವ ಜಾಗದ ಹೆಸರು, ಅಂಚೆಯ ಹೆಸರು ಒಂದೇ ಅಕ್ಷರಗಳಿಂದ ಆಗಿವೆ ಎಂದು ಕಂಡ ಮಗು ಆ ಎರಡರ ಸ್ಪೆಲ್ಲಿಂಗನ್ನೂ ಮರೆಯುವುದಿಲ್ಲ. ಬಾಯಿಪಾಠ ಮಾಡಿಸುವ ಕೆಲಸವೇ ಉಳಿಯುವುದಿಲ್ಲ.

ಕೇಳುಗರೇ, ಕೊಟ್ಟ ಅಕ್ಷರವಿರುವ ಪದಗಳನ್ನು ಹುಡುಕುವುದು ಇಂಗ್ಲಿಷಿನವರು ನಮಗೆ ಕಲಿಸಿದ ಹೊಸ ವಿದ್ಯೆ ಎಂದು ಯಾರೂ ತಿಳಿಯಬಾರದು. ಈ ನೆಲದಲ್ಲಿ ಅದು ಸಾವಿರ ವರ್ಷಕ್ಕೂ ಹಳೆಯದು.

ನಮ್ಮ ಹಳೆಯ ಪದ್ಯಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಅದನ್ನೇ ಪ್ರಾಸ ಎನ್ನುತ್ತೇವೆ. ಮೊದಲ ಸಾಲು ಮಳೆ ಎಂದು ಶುರುವಾದರೆ ಮುಂದಿನ ಸಾಲುಗಳಿಗೂ ಎರಡನೆಯ ಜಾಗದಲ್ಲಿ ಅದೇ ವ್ಯಂಜನವಿರುವ ಪದ ಬೇಕು. ಅಷ್ಟೇ ಸಾಲದು. ಮೊದಲ ಅಕ್ಷರ ಹ್ರಸ್ವವೋ ದೀರ್ಘವೋ, ಎರಡನೆಯದು ಒಂಟಿಯೋ ಒತ್ತಕ್ಷರವೋ ಎಂಬುದೂ ಹೊಂದಬೇಕು. ಇದನ್ನು ಆರು ಬಗೆಯಾಗಿ ವಿಂಗಡಿಸಿ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಹೆಸರಿಟ್ಟರು. ಎಂದರೆ ಅಕ್ಷರ ಯಾವುದು, ಅದರ ಜಾಗ ಯಾವುದು, ಅದರ ಹಿಂದಿನ ಅಕ್ಷರದ ಅಳತೆ ಎಷ್ಟು ಎಂಬ ಮೂರು ಷರತ್ತುಗಳನ್ನೂ ಇಟ್ಟುಕೊಂಡು ಕವಿ ಪದ ಹುಡುಕಬೇಕಿತ್ತು; ಸಿಕ್ಕ ಪದ ಅರ್ಥಕ್ಕೂ ಒದಗಬೇಕಿತ್ತು.

ಹೀಗೆ ಹುಡುಕಿದವರಲ್ಲಿ ಬಹು ದೊಡ್ಡವನು ನಮ್ಮ ನೆರೆಯ ಮುಧೋಳದವನು. 949ರಲ್ಲಿ ಹುಟ್ಟಿದ, ಬಳೆಗಾರರ ಮನೆತನದ ರನ್ನ. ಅವನ ಗದಾಯುದ್ಧದ ಕಂದಪದ್ಯಗಳಲ್ಲಿ ನಾಲ್ಕು ಸಾಲಿಗೂ ಪ್ರಾಸ ಹಿಡಿದಿರುತ್ತದೆ. ಭೀಮನ ಕೋಪವೂ ದುರ್ಯೋಧನನ ಅಳಲೂ ಆ ಕಟ್ಟಿನೊಳಗೇ ತುಂಬಿ ಹರಿಯುತ್ತವೆ. ಕಟ್ಟಳೆ ಬಿಗಿಯಾದಷ್ಟೂ ಅವನ ಪದಸಂಪತ್ತು ಹೊರಗೆ ಬಂತು. ರನ್ನಕಂದ ಎಂಬ ಹೆಸರಿನ ಒಂದು ನಿಘಂಟನ್ನೂ ಅವನದೆಂದು ಹೇಳುತ್ತಾರೆ. ಅದರಲ್ಲಿ ನಮಗೆ ಉಳಿದಿರುವುದು ಕೆಲವು ಕಂದಪದ್ಯಗಳು ಮಾತ್ರ. ಆದರೂ ಕನ್ನಡ ನಿಘಂಟುಗಳ ಚರಿತ್ರೆ ಬರೆಯುವವರು ಅಲ್ಲಿಂದಲೇ ಶುರುಮಾಡುತ್ತಾರೆ. ಪದ ಕೂಡಿಡುವ ಕೆಲಸಕ್ಕೂ ಪದ ಹುಡುಕುವ ಕೆಲಸಕ್ಕೂ ಮುಧೋಳ ಸೀಮೆ ತವರು ಎಂದು ನಾವು ಹೆಮ್ಮೆಪಡಬಹುದು.

ಓದು ಬರಹ ಬಲ್ಲವರಿಗಷ್ಟೇ ಈ ವಿದ್ಯೆ ಸೇರಿರಲಿಲ್ಲ. ನಮ್ಮ ಜಿಲ್ಲೆಯ ಬಾದಾಮಿಯಲ್ಲಿ ಸುಮಾರು 700ನೆಯ ಇಸವಿಯ ಕಪ್ಪೆ ಅರಭಟ್ಟನ ಶಾಸನವಿದೆ. ತ್ರಿಪದಿಯನ್ನು ನಾವು ಮೊದಲು ಕಾಣುವುದು ಅದರಲ್ಲಿ. ಅದೇ ತ್ರಿಪದಿಯನ್ನು ನಮ್ಮ ತಾಯಂದಿರು ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತು ಹಾಡಿದರು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಆ ಹಾಡುಗಳನ್ನು ಕೇಳಿ, ಬರೆದುಕೊಂಡು, 1931ರಲ್ಲಿ ಗರತಿಯ ಹಾಡು ಎಂಬ ಪುಸ್ತಕವಾಗಿ ನಾಡಿಗೆ ಕೊಟ್ಟರು. ಆ ಹಾಡುಗಳಲ್ಲೂ ಸಾಲುಗಳ ಎರಡನೆಯ ಅಕ್ಷರ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಅಕ್ಷರ ಬರೆಯಲು ಕಲಿಯದ ಹೆಣ್ಣುಮಗಳು ಇಂಥ ಅಕ್ಷರವಿರುವ ಪದ ಬೇಕು ಎಂದು ಮನಸ್ಸಿನಲ್ಲಿ ಕೇಳಿಕೊಂಡು, ಬೀಸುಗೂಟ ಒಂದು ಸುತ್ತು ಬರುವುದರೊಳಗೆ ಅದನ್ನು ನಾಲಿಗೆಗೆ ತರುತ್ತಿದ್ದಳು. ಅವಳ ನಿಘಂಟು ಅವಳ ಕಿವಿಯಲ್ಲಿತ್ತು.

ಕವಿಗಳ ಮತ್ತು ತಾಯಂದಿರ ಆಚೆಗೆ, ಒಬ್ಬ ವ್ಯಾಕರಣಕಾರ ಇದೇ ಹುಡುಕಾಟವನ್ನು ಶಾಸ್ತ್ರವಾಗಿ ಮಾಡಿದ. ಅವನು ಕೇಶಿರಾಜ, ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಬರೆದವನು. ಹಳಗನ್ನಡದಲ್ಲಿ ಈಗಿನ ಳ ಅಲ್ಲದೆ ೞ ಎಂಬ ಇನ್ನೊಂದು ಅಕ್ಷರವಿತ್ತು. ಇಂದು ನಾವು ಮಳೆ, ಬಾಳೆ, ಕೋಳಿ, ಏಳು ಎಂದು ಬರೆಯುವ ಪದಗಳಲ್ಲಿ ಇದ್ದದ್ದು ಆ ೞ. ಬಳೆ ಎಂಬುದರಲ್ಲಿ ಇದ್ದದ್ದು ಳ. ಕೇಶಿರಾಜನ ಕಾಲಕ್ಕೆ ಜನರ ಬಾಯಲ್ಲಿ ಈ ಎರಡರ ಭೇದ ಅಳಿಯುತ್ತಿತ್ತು. ಕಿವಿ ಸಾಕ್ಷಿ ಹೇಳದಿದ್ದಾಗ ಬರೆಯುವವನು ಏನು ಮಾಡಬೇಕು? ಕೇಶಿರಾಜ ೞ ಇರುವ ಪದಗಳನ್ನು ಒಂದೊಂದಾಗಿ ಆರಿಸಿ ಪಟ್ಟಿ ಮಾಡಿಕೊಟ್ಟ. ಕೊಟ್ಟ ಅಕ್ಷರವಿರುವ ಪದಗಳ ಪಟ್ಟಿ ಎಂದರೆ ಇದೇ ಅಲ್ಲವೇ? ಇವತ್ತು ನಮ್ಮ ಮಗು ಇಂಗ್ಲಿಷಿನ ಎದುರು ನಿಂತಿರುವುದೂ ಅದೇ ಜಾಗದಲ್ಲಿ. ದನಿಯಿಂದ ಅಕ್ಷರ ತಿಳಿಯದಿದ್ದಾಗ ಆ ಅಕ್ಷರವಿರುವ ಪದಗಳನ್ನು ಕೂಡಿಹಾಕಿ ಕಣ್ಣಿಗೆ ರೂಢಿ ಮಾಡಿಸಬೇಕು. ಕೇಶಿರಾಜ ತೋರಿದ ದಾರಿ ಇಂಗ್ಲಿಷಿಗೂ ನಡೆಯುತ್ತದೆ.

ಡಿಕ್ಷನರಿ ಇರುವಾಗ ಇದೆಲ್ಲ ಯಾಕೆ ಎಂದು ಅನ್ನಿಸಬಹುದು. ಡಿಕ್ಷನರಿ ಒಂದೇ ಬಗೆಯ ಪ್ರಶ್ನೆಗೆ ಉತ್ತರ ಕೊಡುತ್ತದೆ: ಪದದ ಮೊದಲ ಅಕ್ಷರ ಗೊತ್ತಿದ್ದರೆ ಬಾ, ಇಲ್ಲದಿದ್ದರೆ ಇಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ಮಹಾನಿಘಂಟಿಗೂ ಈ ಮಾತು ಸಲ್ಲುತ್ತದೆ. ಆದರೆ ನಡುವೆ ಝೆಡ್ ಇರುವ ಪದ ಯಾವುದು, ಆರ್ ಮತ್ತು ಝೆಡ್ ಎರಡೂ ಇರುವ ಪದಗಳು ಯಾವುವು ಎಂದರೆ ಅಕಾರಾದಿಯ ಪುಸ್ತಕ ಸುಮ್ಮನಿರುತ್ತದೆ. ಹೊಸ ಪ್ರಶ್ನೆಗೆ ಪದಗಳನ್ನು ಹೊಸದಾಗಿ ವಿಂಗಡಿಸಿಕೊಳ್ಳಬೇಕು.

ಅದಕ್ಕೆ ಒಂದು ನೋಟುಬುಕ್ಕು ಸಾಕು. 26 ಪುಟಗಳಿಗೆ 26 ಅಕ್ಷರಗಳ ಹೆಸರು ಹಾಕಿ. ಹೊಸ ಪದ ಕಲಿತಾಗ ಅದನ್ನು ಮೊದಲ ಅಕ್ಷರದ ಪುಟದಲ್ಲಿ ಬರೆದು ಬಿಡಬೇಡಿ. ಅದರಲ್ಲಿ ಯಾವ ಯಾವ ಅಕ್ಷರವಿದೆಯೋ ಆ ಎಲ್ಲ ಪುಟಗಳಲ್ಲೂ ಬರೆಯಿರಿ. ಪ್ರೈಝ್ ಎಂಬ ಪದ ಪಿ, ಆರ್, ಐ, ಝೆಡ್, ಇ ಎಂಬ ಐದು ಪುಟಗಳಿಗೂ ಹೋಗುತ್ತದೆ. ಹಾಗೆ ಬರೆಯುವಾಗಲೇ ಸ್ಪೆಲ್ಲಿಂಗ್ ಕೈಗೆ ಕೂತಿರುತ್ತದೆ. ಒಂದು ವರ್ಷ ಕಳೆಯುವುದರೊಳಗೆ ಮಗುವಿನ ಕೈಯಲ್ಲಿ ಅದರದೇ ಒಂದು ಹುಡುಕು ಪುಸ್ತಕ ಇರುತ್ತದೆ.

ಈಗ ಆರ್ ಮತ್ತು ಝೆಡ್ ಇರುವ ಪದ ಬೇಕಾದರೆ ಯಾವ ಪುಟ ಮೊದಲು ತೆಗೆಯಬೇಕು? ಝೆಡ್ ಪುಟ. ಆರ್ ಪುಟದಲ್ಲಿ ಪದಗಳು ಕಿಕ್ಕಿರಿದಿರುತ್ತವೆ, ಝೆಡ್ ಪುಟದಲ್ಲಿ ಕೆಲವೇ ಇರುತ್ತವೆ. ಆ ಕೆಲವನ್ನು ಓದುತ್ತ ಆರ್ ಇದೆಯೇ ಎಂದು ನೋಡಿದರೆ ಝೀರೋ, ಪ್ರೈಝ್, ಬ್ರಾಂಝ್, ಕ್ರೇಝಿ, ಹೊರೈಝನ್ ಸಿಗುತ್ತವೆ. ಅಪರೂಪದ ಅಕ್ಷರದಿಂದ ಶುರುಮಾಡು ಎಂಬುದು ಈ ವಿದ್ಯೆಯ ಮೊದಲ ಸೂತ್ರ. ಕ್ಯೂ, ಎ, ಎಲ್ ಎಂದು ಕೊಟ್ಟರೆ ಕ್ಯೂ ಹಿಡಿಯಿರಿ. ಕ್ಯೂ ಆದಮೇಲೆ ಯು ಬಂದೇ ಬರುತ್ತದೆ ಎನ್ನುವಷ್ಟು ಅವೆರಡರ ನಂಟು ಗಟ್ಟಿ. ಅಲ್ಲಿಂದ ಈಕ್ವಲ್, ಕ್ವಾಲಿಟಿ, ಕ್ವಾಲಿಫೈ ದೂರವಿಲ್ಲ. ಇಂದಿನ ಕಂಪ್ಯೂಟರುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಕಿ ಕೊಡುವುದೂ ಇಂಥದೇ ವಿಂಗಡಣೆಯ ಬಲದಿಂದ.

ಇನ್ನೊಂದು ವಿಂಗಡಣೆಯೂ ಇದೆ. ಪದದ ಅಕ್ಷರಗಳನ್ನೇ ಎ ಬಿ ಸಿ ಕ್ರಮದಲ್ಲಿ ಜೋಡಿಸಿಬಿಡುವುದು. ಟೀ ಎಂಬ ಪದವಾಗಲಿ, ಈಟ್ ಆಗಲಿ, ಏಟ್ ಆಗಲಿ, ಹಾಗೆ ಜೋಡಿಸಿದರೆ ಎ, ಇ, ಟಿ ಎಂದೇ ಆಗುತ್ತವೆ. ಅವು ಮೂರೂ ಒಂದೇ ಗೂಡಿಗೆ ಸೇರಿದವು ಎಂದು ತಕ್ಷಣ ತಿಳಿಯುತ್ತದೆ. ಸ್ಟಾಪ್, ಪೋಸ್ಟ್ ಬಳಗದ ಆರೂ ಪದಗಳ ಗೂಡು ಓ, ಪಿ, ಎಸ್, ಟಿ.

ಯಾವ ಅಕ್ಷರ ಅಪರೂಪ, ಯಾವುದು ಧಾರಾಳ ಎಂಬುದನ್ನು ಎಣಿಸಿ ನೋಡಿದವರಿಂದ ದೊಡ್ಡ ಕೆಲಸಗಳಾಗಿವೆ. ಒಂಬತ್ತನೆಯ ಶತಮಾನದಲ್ಲಿ, ನಮ್ಮಲ್ಲಿ ಕವಿರಾಜಮಾರ್ಗ ಹುಟ್ಟಿದ ಕಾಲದಲ್ಲೇ, ಬಾಗ್ದಾದಿನ ಅಲ್ ಕಿಂದಿ ಎಂಬ ವಿದ್ವಾಂಸ ಅಕ್ಷರಗಳ ಎಣಿಕೆಯಿಂದ ಗುಪ್ತ ಬರಹವನ್ನು ಬಿಡಿಸುವ ಬಗೆಯನ್ನು ಬರೆದಿಟ್ಟ. ತಂತಿ ಕಳಿಸುವ ಮೋರ್ಸ್ ಸಂಕೇತದಲ್ಲಿ ಇ ಅಕ್ಷರಕ್ಕೆ ಒಂದೇ ಒಂದು ಚುಕ್ಕಿ, ಟಿ ಅಕ್ಷರಕ್ಕೆ ಒಂದೇ ಗೆರೆ. ಇಂಗ್ಲಿಷಿನಲ್ಲಿ ಹೆಚ್ಚು ಬರುವ ಅಕ್ಷರಕ್ಕೆ ಕಡಿಮೆ ಶ್ರಮ ಎಂಬುದು ಅದರ ಲೆಕ್ಕ. ಅಮೆರಿಕದಲ್ಲಿ 1930ರ ದಶಕದ ಮಹಾಕುಸಿತದಲ್ಲಿ ಕೆಲಸ ಕಳೆದುಕೊಂಡ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿ ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಒಂದು ಪದದಾಟ ಕಟ್ಟಿದ. 1948ರಲ್ಲಿ ಅದಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರು ಬಂತು. ಅದರ 100 ಬಿಲ್ಲೆಗಳಲ್ಲಿ ಇ ಅಕ್ಷರದವು 12. ಕ್ಯೂ ಮತ್ತು ಝೆಡ್ ಒಂದೊಂದೇ, ಆದರೆ ಬೆಲೆ ಹತ್ತು ಹತ್ತು ಅಂಕ.

ಆ ಆಟದ ಪೆಟ್ಟಿಗೆ ಕೊಳ್ಳಲು ಎಲ್ಲ ಶಾಲೆಗಳಿಗೂ ಆಗದಿರಬಹುದು. ಹಳೆಯ ಲಗ್ನಪತ್ರಿಕೆಗಳನ್ನು ಚೌಕಾಗಿ ಕತ್ತರಿಸಿ ಅಕ್ಷರ ಬರೆದರೆ ಅವೇ ಬಿಲ್ಲೆ. ಶಿಕ್ಷಕರಲ್ಲಿ ನನ್ನ ಮನವಿ ಇಷ್ಟು. ವಾರಕ್ಕೊಂದು ದಿನ, ಪಾಠದ ಕೊನೆಯ ಹತ್ತು ನಿಮಿಷ, ಕರಿಹಲಗೆಯ ಮೇಲೆ ಒಂದು ಪದ ಬರೆಯಿರಿ. ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ. ಹುಡುಕಿದ ಪದಕ್ಕೆ ಕನ್ನಡದಲ್ಲಿ ಅರ್ಥ ಹೇಳಿದರಷ್ಟೇ ಅಂಕ ಕೊಡಿ. ಅರ್ಥ ಗೊತ್ತಿಲ್ಲದ ಪದ ಸಿಕ್ಕಿತೆಂದರೆ ಅದು ಇನ್ನೂ ಸಿಕ್ಕಂತಲ್ಲ. ಉದ್ದದ ಪದಕ್ಕೆ ಹೆಚ್ಚು ಅಂಕ ಕೊಡಿ. ಚಿಕ್ಕ ಪದ ತಂದ ಮಗುವಿಗೂ ಸರಿಯೆಂದು ಹೇಳಿ. ವೇಗಕ್ಕೆ ಬಹುಮಾನ ಇಡಬೇಡಿ. ನಿಧಾನವಾಗಿ ಯೋಚಿಸುವ ಮಗು ಹಲವು ಸಲ ಎಲ್ಲರಿಗಿಂತ ಉದ್ದದ ಪದ ತರುತ್ತದೆ.

ಮನೆಯಲ್ಲಿ ತಂದೆತಾಯಿಗಳೂ ಇದನ್ನು ಆಡಿಸಬಹುದು. ಅವರಿಗೆ ಇಂಗ್ಲಿಷ್ ಬರಬೇಕೆಂದಿಲ್ಲ. ಮಗು ಇಂಗ್ಲಿಷಿನಲ್ಲಿ ಹುಡುಕಲಿ, ಅವ್ವ ಕನ್ನಡದಲ್ಲಿ ಹುಡುಕಲಿ. ಎರಡನೆಯ ಅಕ್ಷರ ಳ ಇರುವ ಪದ ಹೇಳು ಎಂದರೆ ಎಳೆ, ಕಳೆ, ಹೊಳೆ, ಬೆಳೆ ಎಂದು ಅವ್ವ ಮಗುವನ್ನು ಸೋಲಿಸಬಲ್ಲಳು. ಅವ್ವನಿಗೆ ಇಷ್ಟು ಪದ ಗೊತ್ತೇ ಎಂದು ಮಗುವಿಗೆ ತಿಳಿಯುವುದೂ ಒಂದು ಪಾಠ.

ಮೊಬೈಲ್ ಇದೆಯಲ್ಲ, ಅಕ್ಷರ ಒತ್ತಿದರೆ ಅದೇ ಪಟ್ಟಿ ಕೊಡುತ್ತದಲ್ಲ ಎನ್ನುವವರಿಗೂ ಒಂದು ಮಾತು. ಮೊಬೈಲ್ ಬೇಡವೆಂದು ನಾನು ಹೇಳುವುದಿಲ್ಲ. ಮೊದಲು ತಲೆಯಲ್ಲಿ ಹುಡುಕಿ, ಆಮೇಲೆ ನೋಟುಬುಕ್ಕಿನಲ್ಲಿ, ಆಮೇಲೆ ಡಿಕ್ಷನರಿಯಲ್ಲಿ, ಕೊನೆಗೆ ಮೊಬೈಲಿನಲ್ಲಿ. ನಮಗೆ ಸಿಗದೆ ಉಳಿದ ಪದ ಯಾವುದು, ಅದರ ಉಚ್ಚಾರ ಹೇಗೆ ಎಂದು ತಿಳಿಯಲು ಅದು ಒಳ್ಳೆಯ ಸಾಧನ. ಮೊದಲೇ ಅದನ್ನು ಕೇಳಿದರೆ ಪಟ್ಟಿ ಸಿಗುತ್ತದೆ, ವಿದ್ಯೆ ಸಿಗುವುದಿಲ್ಲ. ಹುಡುಕುವಾಗ ಮಗು ಇಟ್ಟು ನೋಡಿ ತೆಗೆದ ಪ್ರತಿ ಜೋಡಣೆಯೂ ಇಂಗ್ಲಿಷಿನಲ್ಲಿ ಯಾವ ಅಕ್ಷರದ ಪಕ್ಕ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಕಲಿಸಿರುತ್ತದೆ. ಆ ಕಲಿಕೆ ಸಿಗದ ಪದಗಳಿಂದಲೂ ಬರುತ್ತದೆ.

ಮನೆಗೆಲಸವಾಗಿ ಎರಡು ಊರಿನ ಹೆಸರು ಕೊಡುತ್ತೇನೆ, ಬರೆದುಕೊಳ್ಳಿ. ಮುಧೋಳ: ಎಂ, ಯು, ಡಿ, ಎಚ್, ಓ, ಎಲ್. ಇದರಲ್ಲಿ ಕೆಸರಿದೆ, ಗಟ್ಟಿ ದನಿಯಿದೆ, ಹಿಡಿದುಕೊಳ್ಳುವುದಿದೆ. ಜಮಖಂಡಿ: ಜೆ, ಎ, ಎಂ, ಕೆ, ಎಚ್, ಎ, ಎನ್, ಡಿ, ಐ. ಇದರಲ್ಲಿ ಕೈಯಿದೆ, ಮನಸ್ಸಿದೆ, ಬರೆಯುವ ಶಾಯಿಯೂ ಇದೆ. ಕನ್ನಡದ ಅರ್ಥ ಹೇಳಿದ್ದೇನೆ. ಇಂಗ್ಲಿಷ್ ಪದ ನೀವು ಹುಡುಕಿ. ಐದು ಸ್ವರಗಳೂ ಒಂದೊಂದು ಸಲ ಬರುವ ಒಂದು ಇಂಗ್ಲಿಷ್ ಪದವನ್ನೂ ಹುಡುಕಿ. ಅದು ನೀವು ಶಾಲೆಗೆ ಹೋಗುವುದು ಯಾತಕ್ಕೋ ಅದರ ಹೆಸರೇ.

ಕೇಳುಗರೇ, ಇಂಗ್ಲಿಷ್ ಎಂದರೆ ಪಟ್ಟಣದ ದೊಡ್ಡ ಶಾಲೆಯ ಮಕ್ಕಳ ಸ್ವತ್ತು ಎಂಬ ಅಳುಕು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಆ ಅಳುಕಿಗೆ ಆಧಾರವಿಲ್ಲ. ಅದರ ಅಕ್ಷರಗಳು 26 ಮಾತ್ರ. ನಮ್ಮ ವರ್ಣಮಾಲೆ, ಕಾಗುಣಿತ, ಒತ್ತಕ್ಷರಗಳನ್ನು ಕಲಿತ ಮಗುವಿಗೆ ಅದು ದೊಡ್ಡ ಸಂಖ್ಯೆಯಲ್ಲ. ಎರಡನೆಯ ಅಕ್ಷರ ಹಿಡಿದು ಪದ ತರುವ ಕಿವಿ ನಮ್ಮ ಮಕ್ಕಳಿಗೆ ಮನೆಯಿಂದಲೇ ಬಂದಿದೆ. ಅದರ ಜೊತೆಗೆ ಅಕ್ಷರ ಅಕ್ಷರವಾಗಿ ನೋಡುವ ಕಣ್ಣನ್ನೂ ಬೆಳೆಸಿಕೊಟ್ಟರೆ, ಕನ್ನಡ ಸಾಲಿಯ ಮಗು ಯಾವ ಭಾಷೆಯ ಪುಸ್ತಕವನ್ನಾದರೂ ತಲೆ ಎತ್ತಿ ತೆರೆಯುತ್ತದೆ. ಕನ್ನಡವನ್ನು ಬಿಟ್ಟು ಇಂಗ್ಲಿಷಿಗೆ ಹೋಗಬೇಕಾಗಿಲ್ಲ, ಕನ್ನಡದಿಂದಲೇ ಹೋಗಬಹುದು. ಇದನ್ನು ನಂಬಿ, ವಾರಕ್ಕೆ ಹತ್ತು ನಿಮಿಷ ಕೊಡಿ ಎಂದು ಎಲ್ಲ ಶಿಕ್ಷಕರಲ್ಲೂ ತಂದೆತಾಯಿಗಳಲ್ಲೂ ಕೇಳಿಕೊಳ್ಳುತ್ತ ನನ್ನ ಮಾತು ಮುಗಿಸುತ್ತೇನೆ.